ಯಾವುದನ್ನು ನೋಡಿ ಹಾಗೆ ಹೇಳಿದೆ?

ಉತ್ತರ ಪತ್ರಿಕೆ ಮನೆಗೆ ಬಂದ ಮೇಲೆ ಪೋಷಕರು ಸಾಮಾನ್ಯವಾಗಿ ಆಡುವ ಮಾತೊಂದಿದೆ: ‘ಮೇಷ್ಟ್ರೇ, ನಮ್ಮ ಹುಡುಗನಿಗೆ ಎಲ್ಲಾ ಗೊತ್ತು. ಆದರೂ ಮಾರ್ಕ್ಸ್ ಬರೋದಿಲ್ಲ.’ ಈ ಮಾತು ಬಹುಮಟ್ಟಿಗೆ ನಿಜ. ‘ಈ ಕೆಳಗಿನವುಗಳಲ್ಲಿ ಉಷ್ಣವಾಹಕ ಅಲ್ಲದ್ದು ಯಾವುದು?’ ಎಂದು ಪ್ರಶ್ನೆ ಇರುತ್ತದೆ. ಹುಡುಗ ‘ತಾಮ್ರ’ ಎಂದು ಬರೆದಿರುತ್ತಾನೆ. ತಾಮ್ರ ಒಳ್ಳೆಯ ಉಷ್ಣವಾಹಕವೆಂಬುದು ಅವನಿಗೆ ಚೆನ್ನಾಗಿ ಗೊತ್ತು. ‘ಅಲ್ಲದ್ದು’ ಎಂಬ ಪದ ಮಾತ್ರ ಅವನಿಗೆ ಕಾಣಲಿಲ್ಲ. ಕಣ್ಣು ಅದರ ಮೇಲೆ ಹಾದುಹೋಯಿತು, ಮನಸ್ಸು ಅಲ್ಲಿ ನಿಲ್ಲಲಿಲ್ಲ.

ಓದುವುದು ಬೇರೆ, ನಿಂತು ಓದುವುದು ಬೇರೆ. ಪಾಠವನ್ನು ಗಟ್ಟಿಯಾಗಿ, ಎಲ್ಲೂ ತಡವರಿಸದೆ ಓದಿ ಮುಗಿಸುವ ಮಗುವನ್ನು ‘ಈಗ ಓದಿದ್ದರಲ್ಲಿ ಏನಿತ್ತು?’ ಎಂದು ಕೇಳಿ ನೋಡಿ. ಎಷ್ಟೋ ಸಲ ಅದು ಮತ್ತೆ ಪುಸ್ತಕದ ಕಡೆ ನೋಡುತ್ತದೆ. ನಿಂತು ಓದುವ ಅಭ್ಯಾಸವನ್ನು ಕಲಿಸಲು ಬಹಳ ಸುಲಭವಾದ ಸಾಧನ ಚಿತ್ರಪುಸ್ತಕ ಎಂದರೆ ಏಳನೆಯ, ಎಂಟನೆಯ ತರಗತಿಯ ಮಕ್ಕಳ ತಂದೆತಾಯಿಗಳು ನಕ್ಕಾರು. ‘ಅದು ಚಿಕ್ಕ ಮಕ್ಕಳದಲ್ಲವೆ?’ ಎಂದಾರು.

ಹಾಗೆನ್ನಿಸುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಚಿತ್ರಗಳಿರುವ ಕಾರ್ಡುಗಳನ್ನು ಹಿಡಿದು ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು. ಆದರೆ ಅದು ಮೊದಲ ತರಗತಿಗಳಿಗೆ ಮಾತ್ರ. ಮೇಲಿನ ತರಗತಿಗೆ ಬಂದಂತೆ ಚಿತ್ರ ಕಡಿಮೆಯಾಗಿ ಅಕ್ಷರ ಹೆಚ್ಚುತ್ತದೆ. ಅಕ್ಷರ ಬಂದ ಮೇಲೆ ಚಿತ್ರವೇಕೆ ಎಂಬ ಭಾವನೆ ನಮ್ಮಲ್ಲೂ ಬೇರೂರುತ್ತದೆ. ಏಣಿ ಹತ್ತಿದವನು ಏಣಿಯನ್ನು ಒದ್ದ ಹಾಗೆ.

ಮೈಸೂರಿನವರೇ ಆದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರ ಬಾಲ್ಯವನ್ನು ನೋಡಿ. 1921ರಲ್ಲಿ ಇಲ್ಲಿ ಹುಟ್ಟಿದ ಅವರು ಓದಲು ಕಲಿಯುವ ಮೊದಲೇ ಮನೆಗೆ ಬರುತ್ತಿದ್ದ ‘ಸ್ಟ್ರಾಂಡ್’, ‘ಪಂಚ್’ ಮುಂತಾದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದರು. ಶಾಲೆಯಲ್ಲಿ ಅವರು ಬರೆದ ಅರಳಿ ಎಲೆಯ ಚಿತ್ರವನ್ನು ಮೇಷ್ಟ್ರು ಮೆಚ್ಚಿಕೊಂಡದ್ದು ಅವರಿಗೆ ಕೊನೆಯವರೆಗೂ ನೆನಪಿತ್ತು. ನಾವೆಲ್ಲ ಗಮನಿಸದೆ ಬಿಡುವ ಕಾಗೆಯನ್ನು ಅವರು ಜೀವನವಿಡೀ ನೋಡಿದರು, ಬರೆದರು. ಮುಂದೆ ದಿನಕ್ಕೊಂದು ಚಿತ್ರದಲ್ಲಿ ಇಡೀ ದೇಶವನ್ನು ಹಿಡಿದ ಆ ಕಣ್ಣು ಪಳಗಿದ್ದು ಹೀಗೆ. ಎಲ್ಲ ಮಕ್ಕಳೂ ಲಕ್ಷ್ಮಣ್ ಆಗಬೇಕಿಲ್ಲ. ಆದರೆ ನೋಡುವ ಕಣ್ಣು ಎಲ್ಲರಿಗೂ ಬೇಕು. ಅದು ಅಭ್ಯಾಸದಿಂದ ಬರುತ್ತದೆ.

ಅಭ್ಯಾಸ ಮಾಡಿಸುವುದು ಹೇಗೆ? ಚಿತ್ರ ನೋಡುವುದನ್ನು ಕಲಿಸಲು ಅಮೆರಿಕದ ಅಬಿಗೇಲ್ ಹೌಸನ್ ಮತ್ತು ಫಿಲಿಪ್ ಯೆನವೈನ್ ಎಂಬುವರು ಮೂರೇ ಪ್ರಶ್ನೆಗಳ ಒಂದು ಕ್ರಮವನ್ನು ರೂಪಿಸಿದ್ದಾರೆ. ಒಂದು, ಈ ಚಿತ್ರದಲ್ಲಿ ಏನು ನಡೆಯುತ್ತಿದೆ? ಎರಡು, ಯಾವುದನ್ನು ನೋಡಿ ಹಾಗೆ ಹೇಳಿದೆ? ಮೂರು, ಇನ್ನೂ ಏನೇನು ಕಾಣುತ್ತದೆ? ವಿಜ್ಞಾನದ ಮೇಷ್ಟ್ರಾದ ನನಗೆ ಎರಡನೆಯ ಪ್ರಶ್ನೆ ಬಹಳ ಇಷ್ಟ. ಪ್ರಯೋಗಶಾಲೆಯಲ್ಲಿ ನಾವು ಕೇಳುವುದೂ ಅದನ್ನೇ. ಕಂಡದ್ದೆಷ್ಟು, ಊಹಿಸಿದ್ದೆಷ್ಟು?

ಒಂದು ಚಿತ್ರಪುಸ್ತಕದ ಪುಟದಲ್ಲಿ ಕೆರೆ, ಮರ, ದನ ಕಾಯುವ ಹುಡುಗ ಇದ್ದಾರೆ ಎನ್ನಿ. ‘ಇದು ಬೇಸಿಗೆ’ ಎನ್ನುತ್ತದೆ ಮಗು. ಯಾವುದನ್ನು ನೋಡಿ ಹೇಳಿದೆ? ‘ಮರದಲ್ಲಿ ಎಲೆ ಇಲ್ಲ.’ ಎಲೆ ಉದುರುವುದು ಚಳಿಗಾಲದ ಕೊನೆಯಲ್ಲೂ ಉಂಟಲ್ಲ? ಮಗು ಮತ್ತೆ ನೋಡುತ್ತದೆ. ‘ಕೆರೆಯ ಅಂಚಿನ ಮಣ್ಣು ಬಿರುಕು ಬಿಟ್ಟಿದೆ.’ ಸರಿ, ಈಗ ಆಧಾರ ಗಟ್ಟಿಯಾಯಿತು. ಹೊತ್ತು ಎಷ್ಟಾಗಿರಬಹುದು? ‘ಹುಡುಗನ ನೆರಳು ಅವನ ಕಾಲಬುಡದಲ್ಲೇ ಇದೆ, ಮಧ್ಯಾಹ್ನ.’ ಯಾರೂ ಹೇಳಿಕೊಡದೆ ಮಗು ತಾನೇ ಕಂಡುಕೊಂಡ ಉತ್ತರ ಇದು. ಅಕ್ಷರ ಓದಲು ಕಷ್ಟಪಡುವ, ಹಿಂದಿನ ಬೆಂಚಿನ ಮಗು ಇಲ್ಲಿ ಮೊದಲು ಕೈ ಎತ್ತುವುದುಂಟು. ಅದಕ್ಕೆ ಸಿಗುವ ಧೈರ್ಯವೇ ದೊಡ್ಡ ಲಾಭ.

ಚಿತ್ರ ಒಂದು ಹೇಳಿ ಮಾತು ಇನ್ನೊಂದು ಹೇಳುವ ಪುಸ್ತಕಗಳು ಇನ್ನೂ ಸೊಗಸು. 1968ರಲ್ಲಿ ಪ್ರಕಟವಾದ, ಪ್ಯಾಟ್ ಹಚಿನ್ಸ್ ಎಂಬ ಇಂಗ್ಲಿಷ್ ಲೇಖಕಿಯ ‘ರೋಸೀಸ್ ವಾಕ್’ ಪುಸ್ತಕದಲ್ಲಿ ಇರುವುದು ಒಂದೇ ವಾಕ್ಯ. ರೋಸಿ ಎಂಬ ಕೋಳಿ ಅಂಗಳ ಸುತ್ತಿಕೊಂಡು ಊಟದ ಹೊತ್ತಿಗೆ ಮನೆಗೆ ಬಂದಿತು ಎನ್ನುವುದಷ್ಟೇ ಅದರ ಸಾರ. ಆದರೆ ಚಿತ್ರದಲ್ಲಿ ಪುಟಪುಟಕ್ಕೂ ಒಂದು ನರಿ ಅದರ ಬೆನ್ನು ಹತ್ತಿದೆ, ಹೆಜ್ಜೆಹೆಜ್ಜೆಗೂ ಪೆಟ್ಟು ತಿನ್ನುತ್ತಿದೆ! ನರಿಯ ಹೆಸರನ್ನೇ ವಾಕ್ಯ ಎತ್ತುವುದಿಲ್ಲ. ಹೇಳಿದ್ದು ಯಾವುದು, ಹೇಳದೆ ಬಿಟ್ಟದ್ದು ಯಾವುದು ಎಂಬ ವಿವೇಚನೆ ಎಂಟು ವರ್ಷದ ಮಗುವಿಗೂ ಇಲ್ಲಿ ಅರ್ಥವಾಗುತ್ತದೆ. ಮುಂದೆ ಜಾಹೀರಾತನ್ನೋ ಸುದ್ದಿಯನ್ನೋ ಓದುವಾಗ ಬೇಕಾಗುವುದು ಇದೇ ವಿವೇಚನೆ.

ಇನ್ನು ಮುಖ್ಯವಾದ ಹೆಜ್ಜೆ. ಚಿತ್ರದಲ್ಲೇ ನಿಂತುಬಿಟ್ಟರೆ ಕೆಲಸ ಅರ್ಧವಾದಂತೆ. ಅದೇ ಪ್ರಶ್ನೆಯನ್ನು ಅಕ್ಷರಕ್ಕೆ ತರಬೇಕು: ‘ಯಾವ ಪದವನ್ನು ನೋಡಿ ಹಾಗೆ ಹೇಳಿದೆ?’ ‘ಬೆಳಕು ಇದ್ದಾಗ ಹಸಿರು ಎಲೆಗಳು ಆಹಾರ ತಯಾರಿಸಿ ಆಮ್ಲಜನಕವನ್ನು ಹೊರಬಿಡುತ್ತವೆ’ ಎಂಬ ವಾಕ್ಯವನ್ನು ಓದಿದ ಮಗು ‘ಗಿಡ ಯಾವಾಗಲೂ ಆಮ್ಲಜನಕ ಬಿಡುತ್ತದೆ’ ಎಂದರೆ ‘ತಪ್ಪು’ ಎಂದು ಗದರಬೇಡಿ. ‘ಯಾವಾಗಲೂ’ ಎನ್ನುವುದು ಎಲ್ಲಿದೆ ತೋರಿಸು ಎನ್ನಿ. ಬೆರಳು ವಾಕ್ಯದ ಮೇಲೆ ಓಡಾಡಿ ‘ಇದ್ದಾಗ’ ಎಂಬಲ್ಲಿ ನಿಲ್ಲುತ್ತದೆ.

ಲೆಕ್ಕಕ್ಕೂ ಇದು ಸಲ್ಲುತ್ತದೆ. ‘ತರಗತಿಯಲ್ಲಿ 40 ಮಕ್ಕಳು. ಕಾಲುಭಾಗ ನಡೆದು ಬರುತ್ತಾರೆ. ಉಳಿದವರಲ್ಲಿ ಅರ್ಧದಷ್ಟು ಮಂದಿ ಸೈಕಲ್ಲಿನಲ್ಲಿ ಬರುತ್ತಾರೆ. ಸೈಕಲ್ಲಿನವರು ಎಷ್ಟು?’ ಅವಸರದವರು 20 ಎನ್ನುತ್ತಾರೆ. ಒಂದು ಗೆರೆ ಎಳೆದು ನಾಲ್ಕು ಭಾಗ ಮಾಡಿ, ಒಂದು ಭಾಗ ಅಳಿಸಿ, ಉಳಿದದ್ದನ್ನು ಅರ್ಧ ಮಾಡಲು ಹೇಳಿ. ‘ಉಳಿದವರಲ್ಲಿ’ ಎಂಬ ಪದ ಆಗ ಕಣ್ಣಿಗೆ ಬೀಳುತ್ತದೆ. ಉತ್ತರ 15.

‘ಪುಸ್ತಕಕ್ಕೆ ಎಲ್ಲಿ ಹೋಗೋಣ?’ ಎನ್ನುವಿರಾ? ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯಲ್ಲಿ ಕನ್ನಡದ ಚಿತ್ರಪುಸ್ತಕಗಳಿವೆ, ಬೆಲೆಯೂ ಕೈಗೆಟಕುವಂಥದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳನ್ನು ಉಚಿತವಾಗಿ ಓದಬಹುದು. ಹೇಗೂ ಮಕ್ಕಳ ಕೈಯಲ್ಲಿ ಮೊಬೈಲ್ ಇದ್ದೇ ಇರುತ್ತದೆ, ಹತ್ತು ನಿಮಿಷ ಇದಕ್ಕೂ ಆಗಲಿ.

ಪುಸ್ತಕವೇ ಬೇಕೆಂದೂ ಇಲ್ಲ. ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿರುವ, ದೀಪ ಹಿಡಿದ ಹೆಣ್ಣುಮಗಳ ಚಿತ್ರ ಮೈಸೂರಿನವರಿಗೆಲ್ಲ ಗೊತ್ತು. ಎಷ್ಟೋ ಮಂದಿ ಅದನ್ನು ರವಿವರ್ಮನದೆಂದೇ ತಿಳಿದಿದ್ದಾರೆ. ಬರೆದವರು ಎಸ್. ಎಲ್. ಹಲ್ದಂಕರ್, ಅದೂ ಜಲವರ್ಣದಲ್ಲಿ. ರವಿವರ್ಮ 1906ರಲ್ಲೇ ತೀರಿಕೊಂಡಿದ್ದರು. ಈ ಚಿತ್ರ ಮೂಡಿದ್ದು 1940ರ ದಶಕದಲ್ಲಿ. ಅದರ ಪ್ರತಿಯೊಂದನ್ನು ಮಕ್ಕಳ ಮುಂದಿಡಿ. ಬೆಳಕು ಎಲ್ಲಿಂದ ಬರುತ್ತಿದೆ? ದೀಪಕ್ಕೆ ಕೈ ಅಡ್ಡ ಹಿಡಿದಿರುವುದೇಕೆ? ಹಾಗಾದರೆ ಗಾಳಿ ಇದೆಯೆ? ಬೆರಳುಗಳು ಕೆಂಪಗೆ ಹೊಳೆಯುವುದೇಕೆ? ಕೊನೆಯ ಪ್ರಶ್ನೆಗೆ ಕತ್ತಲಲ್ಲಿ ಅಂಗೈಗೆ ಟಾರ್ಚ್ ಒತ್ತಿಹಿಡಿದರೆ ಸಾಕು, ಉತ್ತರ ಕಾಣುತ್ತದೆ. ಮಾಂಸ, ರಕ್ತಗಳ ಮೂಲಕ ಬೇರೆ ಬಣ್ಣಗಳಿಗಿಂತ ಕೆಂಪು ಬೆಳಕೇ ಹೆಚ್ಚಾಗಿ ಹಾದು ಬರುತ್ತದೆ.

ಪೋಷಕರಿಗೆ ಒಂದೇ ಸೂಚನೆ. ಪ್ರಶ್ನೆ ಕೇಳಿದ ಮೇಲೆ ನೀವೇ ಉತ್ತರ ಹೇಳಿಬಿಡಬೇಡಿ. ಮಗು ಸುಮ್ಮನಿದ್ದರೆ ನೀವೂ ಸುಮ್ಮನಿರಿ, ಅದು ನೋಡುತ್ತಿರುತ್ತದೆ. ವಿದ್ಯಾರ್ಥಿಗಳಿಗೂ ಒಂದು ಮಾತು. ಮುಂದಿನ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೆ ಪೆನ್ನಿನ ಕ್ಯಾಪ್ ತೆಗೆಯಬೇಡಿ. ಮೊದಲು ಪ್ರಶ್ನೆಯನ್ನು ಚಿತ್ರದಂತೆ ನೋಡಿ. ಏನಿದೆ, ಏನಿಲ್ಲ, ಯಾವ ಪದ ಮೂಲೆಯಲ್ಲಿ ಅಡಗಿ ಕುಳಿತಿದೆ? ನರಿ ಅಲ್ಲೇ ಎಲ್ಲೋ ಇರುತ್ತದೆ.