ನಾಟಿ ಮಾಡೋ ಮುಂಚೆ ವಿಡಿಯೋ ಅಲ್ಲ, ನರ್ಸರಿ ನೋಡಿ

ಮೊಬೈಲ್ ಬಂದು ಹುಡುಗರು ಹಾಳಾದರು ಅನ್ನೋ ಹಿರಿಯರ ಮಾತನ್ನು ನಾನು ಒಪ್ಪಲ್ಲ. ಹಾಗಂತ ಕೃಷಿ ವಿಡಿಯೋಗಳಿಂದ ರೈತ ಉದ್ಧಾರ ಆಗಿಬಿಟ್ಟ ಅನ್ನೋದನ್ನೂ ಒಪ್ಪಲ್ಲ. ನನ್ನ ತಕರಾರು ಬೇರೆ. ವಿಡಿಯೋದಲ್ಲಿ ಹೇಳಿದ್ದೆಲ್ಲ ಪೂರಾ ನಿಜವೇ ಆಗಿದ್ದರೂ ಅದು ನಮ್ಮನ್ನು ಮುಳುಗಿಸಬಹುದು.

2023ರ ಟೊಮ್ಯಾಟೊ ನೆನಪಿಸಿಕೊಳ್ಳಿ. ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿತ್ತು. ಫೋನ್ ತೆಗೆದರೆ ಸಾಕು, ಹೊಲಕ್ಕೆ ರಾತ್ರಿ ಕಾವಲು ಕೂತವರು, ಒಂದೇ ಬೆಳೆಗೆ ಲಕ್ಷ ಲಕ್ಷ ಎಣಿಸಿದವರು. ಅವರು ಸುಳ್ಳು ಹೇಳಲಿಲ್ಲ. ಆದರೆ ಆ ಹಣ್ಣಿನ ಸಸಿ ನೆಟ್ಟಿದ್ದು ಬೇಸಿಗೆಯಲ್ಲಿ, ರೇಟಿಲ್ಲ ಅಂತ ಅಕ್ಕಪಕ್ಕದವರು ಟೊಮ್ಯಾಟೊ ಕೈಬಿಟ್ಟಿದ್ದಾಗ. ನಾಟಿಯಾದ ಮೇಲೆ ಮೊದಲ ಕೊಯ್ಲಿಗೆ 60ರಿಂದ 70 ದಿನ ಬೇಕು. ಜುಲೈನಲ್ಲಿ ವಿಡಿಯೋ ನೋಡಿ, ಸಸಿ ತಂದು, ಕೋಲು ನೆಟ್ಟು, ತಂತಿ ಕಟ್ಟಿದವನ ಹಣ್ಣು ಬರೋದು ಸೆಪ್ಟೆಂಬರ್ ಕೊನೆಗೆ. ಅಷ್ಟೊತ್ತಿಗೆ ರೇಟು ನೆಲ ಕಚ್ಚಿ, ಕೊಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ.

ಬೆಲೆ ಏರಿದಾಗ ಎಲ್ಲರೂ ಅದನ್ನೇ ಬೆಳೆಯೋದು ನಮ್ಮ ತಾತನ ಕಾಲದಲ್ಲೂ ಇತ್ತು. ಆಗ ಸುದ್ದಿ ಸಂತೆಯಿಂದ ಸಂತೆಗೆ ನಡೆದುಕೊಂಡು ಹೋಗ್ತಿತ್ತು. ಈಗ ಕೋಲಾರದಿಂದ ಬೆಳಗಾವಿವರೆಗೆ ಎಲ್ಲರಿಗೂ ಒಂದೇ ಸಂಜೆ ತಲುಪುತ್ತೆ. ಎಲ್ಲರೂ ಒಂದೇ ವಾರ ನಾಟಿ ಮಾಡಿದರೆ ಎಲ್ಲರ ಹಣ್ಣೂ ಒಂದೇ ವಾರ ಮಾರುಕಟ್ಟೆಗೆ ಬರುತ್ತೆ.

ಇದರಲ್ಲಿ ಯೂಟ್ಯೂಬಿನ ಪಾಲೂ ಇದೆ. 2012ರಿಂದ ಅದು ಎಷ್ಟು ಜನ ಒತ್ತಿದರು ಅನ್ನೋದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನೋದಕ್ಕೆ ಹೆಚ್ಚು ಬೆಲೆ ಕೊಡುತ್ತೆ. ಗೆದ್ದವನ ತೋಟ ನೋಡ್ತಾ ಕೂರ್ತೀವಿ. ಸೋತು ರಸ್ತೆ ಬದಿ ಹಣ್ಣು ಸುರಿದವನನ್ನು ಹತ್ತು ಸೆಕೆಂಡ್ ನೋಡಿ 'ಪಾಪ' ಅಂದು ಮೇಲೆ ಸರಿಸ್ತೀವಿ. ನಾಳೆ ಬರೋದೂ ಗೆದ್ದವನದೇ. ಸಾಲ ಮಾಡಿ ಸೋತವನಿಗೆ ಕ್ಯಾಮೆರಾ ಮುಂದೆ ನಿಲ್ಲೋ ಮನಸ್ಸಾದರೂ ಎಲ್ಲಿರುತ್ತೆ?

ನಮ್ಮ ಸಾವಯವದವರೂ ಕಮ್ಮಿ ಏನಿಲ್ಲ ಬಿಡಿ. ನಾನೂ ಜೀವಾಮೃತ ಬಳಸ್ತೀನಿ, ಮಣ್ಣಿಗೆ ಒಳ್ಳೇದು. ಆದರೆ ಒಂದು ಡ್ರಮ್ ಜೀವಾಮೃತದಿಂದ ಟೊಮ್ಯಾಟೊ ಸೊರಗು ರೋಗದಿಂದ ಹಿಡಿದು ಅಡಿಕೆ ಎಲೆಚುಕ್ಕಿವರೆಗೆ ಎಲ್ಲ ವಾಸಿ ಅಂತ ಹೇಳೋ ವಿಡಿಯೋ ಮಾಡಿದವರ ಜೊತೆ ನನ್ನನ್ನು ಸೇರಿಸಬೇಡಿ.

ಇದೇ ಫೋನು ಒಳ್ಳೇ ಕೆಲಸವನ್ನೂ ಮಾಡಿದೆ. 2021ರ ಲಾಕ್‌ಡೌನ್ ಹೊತ್ತಲ್ಲಿ ಬಾಳೆಗೆ ರೇಟಿಲ್ಲದಾಗ 'ಬಾಕಾಹು', ಅಂದರೆ ಬಾಳೆಕಾಯಿ ಹುಡಿ, ವಾಟ್ಸ್ಆ್ಯಪ್ ಗುಂಪುಗಳಲ್ಲೇ ಊರೂರಿಗೆ ಹಬ್ಬಿತು. ಪತ್ರಕರ್ತ ಶ್ರೀಪಡ್ರೆಯವರು ಅದರ ಹಿಂದೆ ಬಿದ್ದಿದ್ದರು. ಹೆಣ್ಣುಮಕ್ಕಳು ಕಾಯಿ ಹೆಚ್ಚಿ, ಒಣಗಿಸಿ, ಪುಡಿ ಮಾಡಿ, ರೊಟ್ಟಿ, ದೋಸೆ ಮಾಡಿ ಫೋಟೋ ಹಾಕಿದರು. ಅಲ್ಲಿ ಯಾರೂ 'ಎಕರೆಗೆ ಹತ್ತು ಲಕ್ಷ' ಅನ್ನಲಿಲ್ಲ. ಮನೆಯಲ್ಲಿ ಇರೋ ಗೊನೆಗೆ ಏನು ಮಾಡಬಹುದು ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟರು, ಅಷ್ಟೇ.

ಅದಕ್ಕೇ ನಾನು ಹೇಳೋದು, ನಮಗೆ ಬೇಕಾದ ಸುದ್ದಿ ಇವತ್ತಿನ ರೇಟಲ್ಲ. ಅದು ಕೃಷಿ ಮಾರಾಟ ವಾಹಿನಿಯಲ್ಲಿ ದಿನಾ ಸಿಗುತ್ತೆ. ಎರಡು ತಿಂಗಳು ಬಿಟ್ಟು ಎಷ್ಟು ಮಾಲು ಬರುತ್ತೆ ಅನ್ನೋದು ಬೇಕು. ಅದರ ಸುಳಿವು ನಿಮ್ಮ ಊರಿನ ನರ್ಸರಿಯವನ ಹತ್ತಿರ ಇದೆ. ಈ ವಾರ ಎಷ್ಟು ಟ್ರೇ ಟೊಮ್ಯಾಟೊ ಸಸಿ ಹೋಯ್ತು, ಮುಂದಕ್ಕೆ ಎಷ್ಟು ಬುಕ್ ಆಗಿದೆ ಅಂತ ಕೇಳಿ. ಬೇರೆ ಸಲಕ್ಕಿಂತ ಜಾಸ್ತಿ ಅಂದರೆ, ಪಕ್ಕದ ತಾಲ್ಲೂಕಿನ ನರ್ಸರಿಗೂ ಫೋನ್ ಮಾಡಿ. ಅಲ್ಲೂ ಹಾಗೇ ಇದ್ದರೆ ಬೀನ್ಸೋ ಸೌತೆಯೋ ಯೋಚನೆ ಮಾಡಿ.

ಕೇಳಿದ ಲೆಕ್ಕವನ್ನು ನಿಮ್ಮ ತಾಲ್ಲೂಕಿನ ರೈತರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ನಡುವೆ ಅದೂ ಒಂದಿರಲಿ. ಮುಂದಿನ ಸೋಮವಾರ ಇನ್ನೊಬ್ಬ ಹಾಕ್ತಾನೆ.