ಅಡುಗೆ ಒಬ್ಬನದು, ಬಡಿಸಿದವನಿಗೆ ಹೆಸರು

ಬೇಸ್‌ಬಾಲ್‌ನಲ್ಲಿ ‘ಸೇವ್’ ಅಂತ ಒಂದು ಲೆಕ್ಕ ಇದೆ. ನನ್ನ ಕೇಳಿದರೆ ಆಟಗಳ ಲೋಕದಲ್ಲಿ ಇಷ್ಟು ಅನ್ಯಾಯದ ಲೆಕ್ಕ ಇನ್ನೊಂದಿಲ್ಲ. ನಮಗೂ ಬೇಸ್‌ಬಾಲಿಗೂ ಏನಪ್ಪಾ ಸಂಬಂಧ ಅಂತ ಮೂಗು ಮುರಿಯಬೇಡಿ. ಕ್ರಿಕೆಟ್ ಗೊತ್ತಿದ್ದರೆ ಸಾಕು, ಮಿಕ್ಕಿದ್ದು ನಾನು ಹೇಳ್ತೀನಿ.

ಅಲ್ಲಿ ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಆಟ ಶುರು ಮಾಡುವ ಪಿಚರ್ (ನಮ್ಮ ಬೌಲರ್ ಅಂದುಕೊಳ್ಳಿ) ಐದಾರು ಇನಿಂಗ್ಸ್‌ಗೆ ಸುಸ್ತು. ಆಮೇಲೆ ಬರುವವರೆಲ್ಲ ರಿಲೀವರ್‌ಗಳು. ಅವರಲ್ಲಿ ಕೊನೆ ಇನಿಂಗ್ಸ್‌ಗೆ ಅಂತಲೇ ಎತ್ತಿಟ್ಟವನು ಕ್ಲೋಸರ್. ತಂಡ ಹೆಚ್ಚೆಂದರೆ ಮೂರು ರನ್ ಮುಂದಿದ್ದಾಗ ಬಂದು, ಒಂದು ಇನಿಂಗ್ಸ್ ಎಸೆದು ಗೆಲ್ಲಿಸಿದರೆ ಅವನ ಖಾತೆಗೆ ಒಂದು ಸೇವ್. ಬೇರೆ ದಾರಿಗಳೂ ಇವೆ, ಆದರೆ ಕೊನೆಗೆ ಎಸೆದವನಾಗಿರಬೇಕು ಅನ್ನೋ ಷರತ್ತು ಮಾತ್ರ ತಪ್ಪಲ್ಲ. ರಿಲೀವರ್‌ಗಳಿಗೂ ಒಂದಿಷ್ಟು ಮರ್ಯಾದೆ ಸಿಗಲಿ ಅಂತ ಷಿಕಾಗೋದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ಹುಟ್ಟಿಸಿದ ಲೆಕ್ಕ ಇದು. 1969ರಲ್ಲಿ ಅಧಿಕೃತವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಆಗಿದ್ದೇನು?

ಡೆಲಿನ್ ಬೆಟಾನ್ಸಿಸ್ ಕಥೆ ಕೇಳಿ. ನ್ಯೂಯಾರ್ಕ್ ಯಾಂಕೀಸ್ ತಂಡದ ಆರಡಿ ಎಂಟಿಂಚು ಎತ್ತರದ ರಿಲೀವರ್. 2014ರಲ್ಲಿ 90 ಇನಿಂಗ್ಸ್ ಎಸೆದು 135 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಯಾಂಕೀಸ್ ರಿಲೀವರ್‌ಗಳಲ್ಲಿ ಅದು ದಾಖಲೆ. ಅವನು ಮುರಿದಿದ್ದು ಮರಿಯಾನೋ ರಿವೇರಾನ 1996ರ 130ರ ದಾಖಲೆಯನ್ನ. (ತಮಾಷೆ ನೋಡಿ, ಆ ವರ್ಷ ರಿವೇರಾ ಕೂಡ ಕ್ಲೋಸರ್ ಆಗಿರಲಿಲ್ಲ!) 2015, 2016ರಲ್ಲೂ ಬೆಟಾನ್ಸಿಸ್ 120 ದಾಟಿದ. ಮೂರೂ ವರ್ಷ ಆಲ್‌ಸ್ಟಾರ್. ಮೂರೂ ವರ್ಷ ಸೇರಿ ಸೇವ್ ಎಷ್ಟು? 22.

2017ರ ಫೆಬ್ರವರಿಯಲ್ಲಿ ಸಂಬಳದ ಜಗಳ ಪಂಚಾಯಿತಿಗೆ ಹೋಯಿತು. ಅವನು ಕೇಳಿದ್ದು 50 ಲಕ್ಷ ಡಾಲರ್, ತಂಡ ಹೇಳಿದ್ದು 30 ಲಕ್ಷ. ಅಲ್ಲಿ ಮಧ್ಯದ ಅಂಕಿ ಅಂತ ಇಲ್ಲ, ಎರಡರಲ್ಲಿ ಒಂದೇ. ತಂಡ ಗೆದ್ದಿತು. ಗೆದ್ದ ಮೇಲಾದರೂ ಸುಮ್ಮನಿರಬಾರದೇ? ತಂಡದ ಅಧ್ಯಕ್ಷ ರ‍್ಯಾಂಡಿ ಲೆವಿನ್ ಪತ್ರಕರ್ತರ ಮುಂದೆ, ಇವನು ಕ್ಲೋಸರ್ ಅನ್ನೋದು ನಾನು ಗಗನಯಾತ್ರಿ ಅಂದ ಹಾಗೆ ಅಂತ ಹಂಗಿಸಿದ.

ಅಲ್ಲ ಸ್ವಾಮಿ, ಅವನನ್ನ ಏಳನೇ, ಎಂಟನೇ ಇನಿಂಗ್ಸ್‌ಗೆ ಇಳಿಸಿದ್ದು ಯಾರು? ನೀವೇ! ಕಷ್ಟದ ಹೊತ್ತಿಗೆ ಇವನೇ ಬೇಕು ಅಂತ ಕಳಿಸಿದವರೂ ನೀವೇ, ದುಡ್ಡು ಕೇಳಿದಾಗ ನಿನ್ನ ಹತ್ರ ಸೇವ್ ಎಲ್ಲಿದೆ ಅಂತ ಕೇಳಿದವರೂ ನೀವೇ.

ಕೊನೆ ಇನಿಂಗ್ಸ್ ಒತ್ತಡವೇ ಬೇರೆ ಅಂತ ವಾದಿಸೋರು ಇದ್ದಾರೆ. ಒಪ್ಪೋಣ. ಆದರೆ 2016ರ ಅಕ್ಟೋಬರ್ 4ರಂದು ಟೊರಾಂಟೋದಲ್ಲಿ ಏನಾಯಿತು? ಬಾಲ್ಟಿಮೋರ್‌ಗೆ ಸೋತರೆ ಮನೆಗೆ ಅನ್ನೋ ಪಂದ್ಯ. ಅವರ ಕ್ಲೋಸರ್ ಝ್ಯಾಕ್ ಬ್ರಿಟನ್ ಆ ಸೀಸನ್‌ನಲ್ಲಿ 47ಕ್ಕೆ 47 ಸೇವ್ ಮಾಡಿದ್ದವನು. ಸ್ಕೋರ್ ಸಮ. ಮ್ಯಾನೇಜರ್ ಬಕ್ ಶೋವಾಲ್ಟರ್ ಮುನ್ನಡೆ ಸಿಗಲಿ, ಆಗ ಇಳಿಸೋಣ ಅಂತ ಬ್ರಿಟನ್‌ನನ್ನು ಕೂರಿಸಿಯೇ ಇಟ್ಟ. 11ನೇ ಇನಿಂಗ್ಸ್‌ನಲ್ಲಿ ಬೇರೊಬ್ಬನ ಎಸೆತಕ್ಕೆ ಎಡ್ವಿನ್ ಎನ್ಕಾರ್ನಾಸಿಯಾನ್ ಹೋಮ್ ರನ್ ಬಾರಿಸಿದ, ಕಥೆ ಮುಗೀತು. ಒಂದೂ ಚೆಂಡು ಎಸೆಯದೆ ಬ್ರಿಟನ್ ಮನೆಗೆ ಹೋದ. ಅದೇ ತಿಂಗಳು ಕ್ಲೀವ್‌ಲ್ಯಾಂಡ್‌ನ ಟೆರಿ ಫ್ರಾಂಕೋನಾ ತನ್ನ ಅತ್ಯುತ್ತಮ ರಿಲೀವರ್ ಆಂಡ್ರ್ಯೂ ಮಿಲ್ಲರ್‌ನನ್ನ ಐದನೇ ಇನಿಂಗ್ಸ್‌ನಲ್ಲೇ ಇಳಿಸೋ ಧೈರ್ಯ ಮಾಡಿ, ತಂಡವನ್ನ ವರ್ಲ್ಡ್ ಸೀರೀಸ್ ತನಕ ಒಯ್ದ.

ಐಟಿ ಮಂದಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಎರಡಕ್ಕೆ ಬಿದ್ದ ಸರ್ವರ್ ಎತ್ತಿದವನೊಬ್ಬ, ಬೆಳಿಗ್ಗೆ ಕ್ಲೈಂಟಿಗೆ ‘ಫಿಕ್ಸ್ ಆಯ್ತು’ ಅಂತ ಮೇಲ್ ಹಾಕಿದವನಿಗೆ ರೇಟಿಂಗು :-)

ಬೆಟಾನ್ಸಿಸ್ 2019ರಲ್ಲಿ ಭುಜದ ನೋವಿನಿಂದ ತಿಂಗಳುಗಟ್ಟಲೆ ಕೂತ. ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದು ಇಬ್ಬರನ್ನ ಔಟ್ ಮಾಡಿದ, ಅಷ್ಟರಲ್ಲಿ ಹಿಮ್ಮಡಿಯ ಸ್ನಾಯು ಹರಿಯಿತು. 2021ರಲ್ಲಿ ಮೆಟ್ಸ್ ಪರ ಒಂದೇ ಪಂದ್ಯ. 2022ರಲ್ಲಿ ನಿವೃತ್ತಿ. ಎಂಟನೇ ಇನಿಂಗ್ಸ್ ಅಂತ ಭುಜವೇನೂ ಕಮ್ಮಿ ಸವೆಯಲಿಲ್ಲ.

ಆ ಕ್ಷಣದಲ್ಲಿ ಪಂದ್ಯ ಎಷ್ಟು ತೂಗಾಡ್ತಿತ್ತು ಅಂತ ಅಳೆಯೋಕೆ ‘ಲೆವರೇಜ್ ಇಂಡೆಕ್ಸ್’ ಇದೆ. ಸಂಬಳ ಅದನ್ನ ನೋಡಿ ಕೊಡಲಿ. ಸೇವ್ ಬೇಕಾದರೆ ಪುಸ್ತಕದಲ್ಲಿ ಇರಲಿ, ಅನ್ನ ಕಸಿಯೋದು ಬೇಡ.

ಏನಂತೀರಿ? ನಮ್ಮ ಕ್ರಿಕೆಟ್‌ನಲ್ಲಿ ಇಂಥ ಸುಳ್ಳು ಲೆಕ್ಕ ಯಾವುದಿದೆ, ಹೇಳಿ ನೋಡೋಣ.