ಗುರುವಾರದ ಸಂಜೆ ಘಟ್ಟ ಇಳಿದು ಬರಲಿ

ಬೆಂಗಳೂರಿನ ಪ್ರೈಡ್ ಮೆರವಣಿಗೆಯ ಫೋಟೋ ಪೇಪರಿನಲ್ಲಿ ಬಂದಾಗಲೆಲ್ಲ ನಮ್ಮೂರ ಕಡೆ ಒಂದು ಮಾತು ಖಾಯಂ ಆಗಿ ಕೇಳಿಬರುತ್ತದೆ. "ಅದೆಲ್ಲ ಬೆಂಗಳೂರಿನವರ ಮರ್ಲು ಮಾರಾಯ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ." (ಮರ್ಲು ಅಂದ್ರೆ ತುಳುವಿನಲ್ಲಿ ಹುಚ್ಚು.) ಹೀಗೆ ಹೇಳುವವರು ಕೆಟ್ಟವರೇನಲ್ಲ. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿರುತ್ತದೆ. ಯಾಕೆಂದರೆ ಅವರ ಕಣ್ಣಿಗೆ ಯಾರೂ ಬಿದ್ದಿಲ್ಲ.

ನಮ್ಮೂರು ಅಂದ್ರೆ ಕಾಣಿಯೂರು. ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಮೊದಲು ಪುತ್ತೂರು ತಾಲೂಕು, ಈಗ ಕಡಬ. ಅಡಿಕೆ, ರಬ್ಬರು, ಮಳೆಗಾಲದಲ್ಲಿ ಜಿಗಣೆ. ಅಲ್ಲಿ "ಅಂಥವರು" ಇಲ್ಲ ಅನ್ನುವುದು ಸುಳ್ಳು. ನಾನಿದ್ದೇನಲ್ಲ! ಹೌದು ಸ್ನೇಹಿತರೇ, ನಾನು ಗೇ. ಇದುವರೆಗೆ ಇಲ್ಲಿ ಯಕ್ಷಗಾನ, ಹಲಸಿನ ಹಣ್ಣು, ಆಫೀಸಿನ ಗೋಳು ಅಂತ ಬರೆದುಕೊಂಡಿದ್ದವನು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದೇನೆ, ಯಾಕಂದ್ರೆ ಇವತ್ತಿನ ವಿಷಯ ಅದಲ್ಲ. ವಿಷಯ ಏನೆಂದರೆ, ನನ್ನಂಥವರಿಗೂ ನಮ್ಮ ಮನೆಯವರಿಗೂ ಮಾತಾಡಲು ಒಂದು ಜಾಗ ಬೇಕು. ಅದು ಕನ್ನಡದಲ್ಲಿರಬೇಕು. ಅದು ಬೆಂಗಳೂರಿನಲ್ಲಿ ಮಾತ್ರ ಇದ್ದರೆ ಸಾಲದು.

ಮೆರವಣಿಗೆಯ ಬಗ್ಗೆ ಎಲ್ಲರಿಗೂ ಗೊತ್ತು. ಬೆಂಗಳೂರಿನ ಮೊದಲ ಪ್ರೈಡ್ ನಡೆದದ್ದು 2008ರ ಜೂನ್ 29ರಂದು. ಅದೇ ದಿನ ದೆಹಲಿಯಲ್ಲಿ ಮತ್ತು ಕೋಲ್ಕತ್ತಾದಲ್ಲೂ ನಡೆಯಿತು. ಆಗ 377ನೇ ಸೆಕ್ಷನ್ ಇನ್ನೂ ಜಾರಿಯಲ್ಲಿತ್ತು. ಮುಖವಾಡ ಹಾಕಿಕೊಂಡು ನಡೆದವರೂ ಇದ್ದರು. ಅವರ ಧೈರ್ಯಕ್ಕೆ ನನ್ನದೊಂದು ನಮಸ್ಕಾರ.

ಆದರೆ ಆ ಮೆರವಣಿಗೆಗಿಂತ 14 ವರ್ಷ ಮೊದಲೇ, 1994ರಲ್ಲಿ, ಬೆಂಗಳೂರಿನಲ್ಲಿ "ಗುಡ್ ಆ್ಯಸ್ ಯು" ಅನ್ನುವ ಗುಂಪು ಶುರುವಾಗಿತ್ತು. ಅವರು ಮಾಡುತ್ತಿದ್ದದ್ದು ಬಹಳ ಸರಳ. ಪ್ರತಿ ಗುರುವಾರ ಸಂಜೆ ಒಂದು ಕಡೆ ಸೇರೋದು, ಮಾತಾಡೋದು. ಅಷ್ಟೇ! ಯಾರಾದರೂ ಹೊಸಬರು ಬಂದರೆ ಅವರ ಮಾತು ಕೇಳೋದು. ಫೋಟೋ ಇಲ್ಲ, ಬ್ಯಾನರ್ ಇಲ್ಲ. ಮುಂದೆ 1999ರಲ್ಲಿ "ಸಂಗಮ" ಬಂತು. ಇಂಗ್ಲಿಷ್ ಬಾರದ, ಬಡ ಮನೆಗಳಿಂದ ಬಂದ, ಪೊಲೀಸರ ಕೈಯಲ್ಲಿ ಪೆಟ್ಟು ತಿಂದ ಹಿಜ್ರಾ, ಕೋತಿ ಸಮುದಾಯಗಳ ಜೊತೆ ಅದು ಕೆಲಸ ಮಾಡಿತು. 2008ರ ಮೆರವಣಿಗೆಯ ಹಿಂದೆ ಹೀಗೆ ವರ್ಷಗಟ್ಟಲೆ ಸೇರಿದ ಸಂಜೆಗಳಿವೆ. ನಮಗೆ ಕಾಣಿಸೋದು ಮೆರವಣಿಗೆ ಮಾತ್ರ.

ಈ ಮಾತು ನಮ್ಮೂರಿನವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗಬೇಕು. ದಕ್ಷಿಣ ಕನ್ನಡದಲ್ಲಿ ಸ್ವಸಹಾಯ ಸಂಘ ಇಲ್ಲದ ಊರಿಲ್ಲ. ವಾರಕ್ಕೊಂದು ದಿನ ಯಾರದೋ ಮನೆ ಜಗಲಿಯಲ್ಲಿ ಹೆಂಗಸರು ಸೇರುತ್ತಾರೆ, ಲೆಕ್ಕ ಬರೆಯುತ್ತಾರೆ, ಕಷ್ಟಸುಖ ಮಾತಾಡುತ್ತಾರೆ. ವಾರವಾರ ಒಟ್ಟಿಗೆ ಕೂರುವುದರಿಂದ ಎಂತ ಆಗುತ್ತದೆ ಅಂತ ನನ್ನ ಅಮ್ಮನಿಗೆ ಯಾವ ಎನ್‌ಜಿಒ ಬಂದು ವಿವರಿಸಬೇಕಾಗಿಲ್ಲ.

ಈಗ ಸ್ವಲ್ಪ ದೂರ ಹೋಗೋಣ. ನಿಮ್ಮಲ್ಲಿ ಕೆಲವರು ಕ್ಯಾಲಿಫೋರ್ನಿಯಾದಲ್ಲಿ ಕೂತೇ ಇದನ್ನು ಓದುತ್ತಿರಬಹುದು, ನಿಮಗಾಗಿಯೂ ಈ ಕಥೆ. 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ "ತ್ರಿಕೋಣ್" ಅನ್ನುವ ಗುಂಪು ಹುಟ್ಟಿತು. ದಕ್ಷಿಣ ಏಷ್ಯಾ ಮೂಲದ ಗೇ, ಲೆಸ್ಬಿಯನ್ ಜನರಿಗಾಗಿ. ಸ್ಯಾನ್ ಫ್ರಾನ್ಸಿಸ್ಕೋ ಅಂದರೆ ಇಡೀ ಜಗತ್ತಿನ ಗೇ ಜನರ ಕಾಶಿ ಇದ್ದ ಹಾಗೆ. ಅಲ್ಲಿ ಇವರಿಗೆ ಮತ್ತೆ ಬೇರೆ ಗುಂಪು ಯಾಕೆ ಬೇಕಾಯಿತು? ಕಾರಣ ಸುಲಭ. ಅಲ್ಲಿನ ಗೆಳೆಯರಿಗೆ ಇವರ ಜಾತಕ, ಅಜ್ಜಿ, ಮದುವೆಯ ಒತ್ತಾಯ ಯಾವುದೂ ಅರ್ಥವಾಗುತ್ತಿರಲಿಲ್ಲ. ಭಾರತೀಯರ ಸಂಘಗಳಿಗೆ ಹೋದರೆ ಇವರೇ ಅರ್ಥವಾಗುತ್ತಿರಲಿಲ್ಲ. ನ್ಯೂಯಾರ್ಕಿನಲ್ಲಂತೂ "ಸಾಲ್ಗಾ" ಎಂಬ ಇಂಥದ್ದೇ ಗುಂಪಿಗೆ 1990ರ ದಶಕದಲ್ಲಿ ಇಂಡಿಯಾ ಡೇ ಪೆರೇಡಿನಲ್ಲಿ ನಡೆಯಲು ಅವಕಾಶವನ್ನೇ ಕೊಡಲಿಲ್ಲ. ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ನಮ್ಮವರಿಗೇ ಜಾಗ ಇಲ್ಲ!

ಕಾಣಿಯೂರಿನಿಂದ ಬೆಂಗಳೂರಿಗೆ ಬಂದವನ ಸ್ಥಿತಿ ಇದಕ್ಕಿಂತ ಬಹಳ ಬೇರೆಯಲ್ಲ. ಒಂದು ಕಡೆ ಊರಿನವರ ಸಂಘ ಉಂಟು. ವರ್ಷಕ್ಕೊಮ್ಮೆ ಯಕ್ಷಗಾನ, ಊಟ, "ಮದುವೆ ಯಾವಾಗ?" ಇನ್ನೊಂದು ಕಡೆ ಕಾಫಿ ಶಾಪಿನಲ್ಲಿ ಸೇರುವ ಗೇ ಗುಂಪುಗಳು, ಅಲ್ಲಿ ಮಾತೆಲ್ಲ ಇಂಗ್ಲಿಷು. ನನ್ನ ಕಂಪನಿಯಲ್ಲಿ ಜೂನ್ ಬಂದರೆ ಲೋಗೋಗೆ ಕಾಮನಬಿಲ್ಲಿನ ಬಣ್ಣ ಬರುತ್ತದೆ, ಕೇಕ್ ಕಟ್ ಆಗುತ್ತದೆ, ಜುಲೈ ಒಂದಕ್ಕೆ ಬಣ್ಣ ಹೋಗುತ್ತದೆ. ಬೇಡ ಅಂತಲ್ಲ. ಆದರೆ ಎಂಜಿನಿಯರಿಂಗ್ ಓದಿದ ನನಗೇ "ಅಮ್ಮನ ಹತ್ರ ಹೇಗೆ ಹೇಳೋದು" ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ನಾಲಗೆ ಹೊರಳುವುದಿಲ್ಲ. ಪಿಯುಸಿ ಮುಗಿಸಿ ಬಂದು ಡೆಲಿವರಿ ಕೆಲಸ ಮಾಡುವ ಹುಡುಗ ಅಲ್ಲಿಗೆ ಹೋಗಿ ಏನು ಮಾತಾಡಬೇಕು ಹೇಳಿ?

ಹಾಗಂತ ಕನ್ನಡದಲ್ಲಿ ಏನೂ ಇಲ್ಲ ಎಂದಲ್ಲ. ವಸುಧೇಂದ್ರರ "ಮೋಹನಸ್ವಾಮಿ" 2013ರಲ್ಲಿ ಬಂತು. ಅವರೂ ನಮ್ಮ ಹಾಗೇ ಸಾಫ್ಟ್‌ವೇರ್‌ನಲ್ಲಿದ್ದವರು, ಸಂಡೂರಿನವರು. ಆ ಪುಸ್ತಕ ಓದಿ "ಇದು ನನ್ನದೇ ಕಥೆ" ಅಂದುಕೊಂಡವರು ಎಷ್ಟೋ ಜನ. 2015ರಲ್ಲಿ "ನಾನು ಅವನಲ್ಲ... ಅವಳು" ಬಂತು. ಸಂಚಾರಿ ವಿಜಯ್ ಅವರಿಗೆ ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. 2021ರಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ಸ್ವೀಕರಿಸುವ ಮೊದಲು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನಮ್ಮ ಮನೆಯ ಟಿವಿಯಲ್ಲೂ ನೋಡಿದ್ದಾರೆ, ಖುಷಿಪಟ್ಟಿದ್ದಾರೆ. ಅದೇ ವರ್ಷ ನಮ್ಮ ರಾಜ್ಯ ಸರ್ಕಾರಿ ಕೆಲಸಗಳಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಶೇ. 1ರ ಮೀಸಲಾತಿ ತಂದಿತು, ದೇಶದಲ್ಲೇ ಮೊದಲು.

ಆದರೆ ಟಿವಿಯಲ್ಲಿ ನೋಡಿದ್ದು ಮನೆಯೊಳಗಿನ ವಿಷಯ ಆದಾಗ ಎಲ್ಲವೂ ಕಲಸಿಹೋಗುತ್ತದೆ. ಗಂಡಿಗೆ ಗಂಡಿನ ಮೇಲೆ ಮನಸ್ಸಾಗುವುದು ಒಂದು. ಗಂಡು ಅಂತ ಎಲ್ಲರೂ ಕರೆದರೂ ತಾನು ಹೆಣ್ಣು ಅಂತ ಒಳಗೇ ಗೊತ್ತಿರುವುದು ಇನ್ನೊಂದು. ಯಕ್ಷಗಾನದ ಸ್ತ್ರೀವೇಷ ಮತ್ತೊಂದು, ಅದು ಕಲೆ. ಮೂರನ್ನೂ ಒಂದೇ ಅಂದುಕೊಂಡ ಮನೆಯವರಿಗೆ ಬಿಡಿಸಿ ಹೇಳುವವರು ಯಾರು? ಸ್ತ್ರೀವೇಷ ನೋಡಿ ಚಪ್ಪಾಳೆ ತಟ್ಟಿದ ಊರೇ ಮರುದಿನ ಶಾಲೆಯಲ್ಲಿ ಸ್ವಲ್ಪ ಮೆತ್ತಗೆ ನಡೆಯುವ ಹುಡುಗನನ್ನು ಏನೆಂದು ಕರೆಯುತ್ತದೆ ಅನ್ನೋದು ನಿಮಗೂ ಗೊತ್ತು.

ಎರಡು ವರ್ಷದ ಹಿಂದೆ ಅಕ್ಕನಿಗೆ ಹೇಳಿದೆ. ಅವಳು ಮದುವೆಯಾಗಿ ಪುತ್ತೂರಿನಲ್ಲಿದ್ದಾಳೆ. ಅತ್ತಳು, ಬೈಯಲಿಲ್ಲ. ವಾರ ಬಿಟ್ಟು ಫೋನ್ ಮಾಡಿ ಹೇಳಿದಳು, "ನೋಡು ತಮ್ಮಾ, ನಿಂಗೆ ಬೆಂಗಳೂರಲ್ಲಿ ಜನ ಇದ್ದಾರೆ. ನಂಗೆ ಇಲ್ಲಿ ಯಾರಿದ್ದಾರೆ? ನಾನು ಯಾರ ಹತ್ರ ಮಾತಾಡೋದು? ಗಂಡನ ಹತ್ರ ಹೇಳ್ಲಿಕ್ಕೆ ಆಗ್ತದಾ, ಅತ್ತೆ ಹತ್ರ ಹೇಳ್ಲಿಕ್ಕೆ ಆಗ್ತದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗುಟ್ಟು ನನ್ನದು. ಅದನ್ನು ಹೊರಬೇಕಾದದ್ದು ಅವಳು, ಅದೂ ಒಬ್ಬಳೇ, ಜಾತಕ ಹಿಡಿದು ಬರುವ ನೆಂಟರ ನಡುವೆ. ಬೆಂಬಲ ಅಂದರೆ ನನ್ನಂಥವರಿಗೆ ಮಾತ್ರ ಅಂದುಕೊಂಡರೆ ಅರ್ಧ ಕೆಲಸ ಬಾಕಿ ಉಳಿಯಿತು ಅಂತಲೇ ಅರ್ಥ.

ಮುಂಬೈಯಲ್ಲಿ 2017ರಲ್ಲಿ "ಸ್ವೀಕಾರ್" ಅಂತ ತಂದೆ-ತಾಯಿಗಳದ್ದೇ ಗುಂಪು ಶುರುವಾಯಿತು. ಅದು ಹುಟ್ಟಲು ಬೆಂಬಲವಾಗಿ ನಿಂತವರು ಮಂಡ್ಯದಲ್ಲಿ ಹುಟ್ಟಿದ ಸಿನಿಮಾ ನಿರ್ದೇಶಕ ಶ್ರೀಧರ್ ರಂಗಾಯನ್. ಅವರ 2018ರ "ಈವನಿಂಗ್ ಶ್ಯಾಡೋಸ್" ಸಿನಿಮಾದಲ್ಲಿ ಸಣ್ಣ ಊರಿಗೆ ಬಂದ ಮಗ ತಾಯಿಯ ಹತ್ತಿರ ನಿಜ ಹೇಳುತ್ತಾನೆ. ಚಿತ್ರೀಕರಣ ಶ್ರೀರಂಗಪಟ್ಟಣದಲ್ಲಿ, ಭಾಷೆ ಮಾತ್ರ ಹಿಂದಿ! 2023ರಲ್ಲಿ ಮದುವೆ ಹಕ್ಕಿನ ಕೇಸು ಸುಪ್ರೀಂ ಕೋರ್ಟಿನಲ್ಲಿದ್ದಾಗ ಇದೇ ಸ್ವೀಕಾರ್‌ನ 400ಕ್ಕೂ ಹೆಚ್ಚು ತಂದೆ-ತಾಯಿಗಳು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ತೀರ್ಪು ಅವರ ಪರವಾಗಿ ಬರಲಿಲ್ಲ. ಆದರೆ 400 ಅಪ್ಪ-ಅಮ್ಮಂದಿರು ಒಬ್ಬರನ್ನೊಬ್ಬರು ಕಂಡುಕೊಂಡಿದ್ದಾರಲ್ಲ, ಅದು ಸಣ್ಣ ವಿಷಯವಾ? ನಮ್ಮ ಅಕ್ಕನಿಗೆ, ನಾಳೆ ನಮ್ಮ ಅಮ್ಮನಿಗೆ ಬೇಕಾಗಿರುವುದು ಅದೇ, ಕನ್ನಡದಲ್ಲಿ, ತುಳುವಿನಲ್ಲಿ.

ಈಗ ನೀವು ಕೇಳಬಹುದಾದ ಪ್ರಶ್ನೆಗಳಿಗೆ ಬರ್ತೇನೆ.

"ಸದ್ದಿಲ್ಲದೆ ನಿಮ್ಮಷ್ಟಕ್ಕೆ ಇರಬಹುದಲ್ಲ?" ಅಂತ ಒಳ್ಳೆಯ ಮನಸ್ಸಿನಿಂದಲೇ ಕೇಳುವವರಿದ್ದಾರೆ. ನಮ್ಮೂರಿನಲ್ಲಿ ಸದ್ದಿಲ್ಲದೆ ಇರುವುದು ಅಂದರೆ ಮೂವತ್ತು ದಾಟುವ ಮೊದಲು ಮದುವೆ ಆಗುವುದು. ಪಕ್ಕದ ಬೆಳಂದೂರಿನದೋ ಸವಣೂರಿನದೋ ಒಂದು ಹುಡುಗಿ, ಏನೂ ಗೊತ್ತಿಲ್ಲದವಳು, ತನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡು ಜೀವನ ಪೂರ್ತಿ ಕಳೆಯುವುದು. ಆ ಮೌನದ ಬಿಲ್ಲು ಕಟ್ಟುವವಳು ಅವಳು. ನನ್ನ ಬಗ್ಗೆ ಕನಿಕರ ಬಾರದವರಿಗೂ ಆ ಹುಡುಗಿಯ ಬಗ್ಗೆ ಬರಬೇಕು.

"ಡಾಕ್ಟರಿಗೆ ತೋರಿಸಿದರೆ?" 1990ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದೆ. "ಸರಿ ಮಾಡ್ತೇನೆ" ಅಂತ ಚಿಕಿತ್ಸೆ ಕೊಡುವುದು ವೈದ್ಯರಿಗೆ ತಕ್ಕದ್ದಲ್ಲದ ನಡತೆ ಅಂತ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಹಾಗೆ ದುಡ್ಡು ತಗೊಳ್ಳುವವರು ಸಿಕ್ಕರೆ ಎದ್ದು ಬನ್ನಿ.

"ಇದು ನಮ್ಮ ಸಂಸ್ಕೃತಿಯಲ್ಲ." 377ನೇ ಸೆಕ್ಷನ್ ಬ್ರಿಟಿಷರು 1860ರ ದಂಡ ಸಂಹಿತೆಯಲ್ಲಿ ಬರೆದದ್ದು. 2009ರಲ್ಲಿ ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೂರಿಸಿತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟ್ ಪುನಃ ಕಿತ್ತಿತು. ಆ ದಿನ ಹಾಸ್ಟೆಲಿನ ಟಿವಿ ಎದುರು ಎಲ್ಲರೂ ನಗಾಡುತ್ತಿದ್ದಾಗ ನಾನು ಸುಮ್ಮನೆ ಪ್ಲೇಟು ಹಿಡಿದು ನಿಂತಿದ್ದೆ. ಕಾನೂನು ಬದಲಾದ ಸುದ್ದಿ ಗೊತ್ತಾಯಿತು, ಅದನ್ನು ಹಂಚಿಕೊಳ್ಳಲು ಒಂದು ಜೀವ ಇರಲಿಲ್ಲ. ಕೋರ್ಟಿನಿಂದ ಆಗುವ ಕೆಲಸ ಬೇರೆ, ಗುರುವಾರದ ಸಂಜೆಯಿಂದ ಆಗುವ ಕೆಲಸ ಬೇರೆ ಅಂತ ನಾನು ಹೇಳುವುದು ಇದಕ್ಕೇ.

ಕೊನೆಯ ಪ್ರಶ್ನೆ ನನ್ನದೇ. ನಮ್ಮ ಜಿಲ್ಲೆಯಲ್ಲಿ ಇದು ಸಾಧ್ಯವಾ? 2009ರ ಪಬ್ ದಾಳಿ, 2012ರ ಹೋಂಸ್ಟೇ ದಾಳಿ ಕಂಡ ಮಂಗಳೂರು ನಮ್ಮದು. ಹುಟ್ಟುಹಬ್ಬಕ್ಕೆ ಸೇರಿದವರಿಗೇ ಪೆಟ್ಟು ಬಿದ್ದ ಊರಿನಲ್ಲಿ ನಾಳೆ ಪುತ್ತೂರಿನ ಬಸ್ ಸ್ಟ್ಯಾಂಡಿನಿಂದ ಬಾವುಟ ಹಿಡಿದು ಹೊರಡೋಣ ಅಂತ ನಾನು ಹೇಳುವುದಿಲ್ಲ. ಮಂಗಳೂರು, ಉಡುಪಿ ಕಡೆ ಟ್ರಾನ್ಸ್‌ಜೆಂಡರ್ ಸಂಘಟನೆಗಳು ಕಷ್ಟಪಟ್ಟು ಕೆಲಸ ಮಾಡುತ್ತಿವೆ. ಅವರಿಗೆ ಅಡಗಿಕೊಳ್ಳುವ ಅವಕಾಶವೂ ಇಲ್ಲ, ನಮಗಿಂತ ಧೈರ್ಯ ಜಾಸ್ತಿ. ನನಗೆ ಬೇಕಾಗಿರುವುದು ಬೋರ್ಡಿಲ್ಲದ ಒಂದು ಕೋಣೆ. ತಿಂಗಳಿಗೊಮ್ಮೆ ಆದರೂ ಸಾಕು. ಭಾಷೆ ಗೊತ್ತಿರುವ ಒಬ್ಬ ಕೌನ್ಸೆಲರ್, ಮಗನನ್ನೋ ಮಗಳನ್ನೋ ಒಪ್ಪಿಕೊಂಡ ಒಬ್ಬ ತಾಯಿ, ಒಂದು ಫ್ಲಾಸ್ಕ್ ಚಹಾ. ಪುತ್ತೂರಿಗೆ ಬರಲು ಹೆದರಿದರೆ ಮಂಗಳೂರಿನಲ್ಲಿ ಇರಲಿ. ಬೆಂಗಳೂರಿಗಾದರೆ 300 ಕಿಲೋಮೀಟರು, ರಾತ್ರಿ ಬಸ್ಸು, ಮನೆಯಲ್ಲಿ ಒಂದು ಸುಳ್ಳು. ಮಂಗಳೂರಿಗಾದರೆ "ಸಾಮಾನು ತರ್ಲಿಕ್ಕುಂಟು" ಅಂದರೆ ಆಯಿತು.

ಅಲ್ಲಿಯವರೆಗೆ ಒಂದು ನಂಬರ್ ಬರೆದಿಟ್ಟುಕೊಳ್ಳಿ. 14416, ಟೆಲಿ ಮಾನಸ್. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, ಇದರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನದ್ದು ಮುಖ್ಯ ಪಾತ್ರ. ಕನ್ನಡದಲ್ಲಿ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಕೂತವನಿಗೆ ಅದಾದರೂ ಇರಲಿ.

ಮತ್ತೆ, ಇದನ್ನು ಓದುವ ನಿಮಗೊಂದು ಕೋರಿಕೆ. ನೀವು ಕಥೆ ಬರೀತೀರಿ, ಹಾಸ್ಯ ಬರೀತೀರಿ, ಅಡುಗೆ ಬರೀತೀರಿ. ನಿಮ್ಮ ಬರಹದಲ್ಲಿ ನನ್ನಂಥವನೊಬ್ಬ ಬಂದರೆ ಅವನನ್ನು ಜೋಕಿಗೆ ಮಾತ್ರ ಕರೆಯಬೇಡಿ. ಅವನೂ ಅಡಿಕೆ ಸುಲಿಯಲಿ, ಬಸ್ಸಿಗೆ ಕಾಯಲಿ. ನಿಮ್ಮ ಪೈಕಿ ಕೌನ್ಸೆಲರ್‌ಗಳು, ಡಾಕ್ಟರುಗಳು, ಲಾಯರುಗಳು ಇದ್ದರೆ, ತಿಂಗಳಿಗೊಂದು ಭಾನುವಾರ ಮಂಗಳೂರಿನಲ್ಲಿ ಎರಡು ಗಂಟೆ ಕೊಡಲು ಆಗುತ್ತದಾ ಅಂತ ತಿಳಿಸಿ. ಬಸ್ ಚಾರ್ಜು, ಚಹಾ ನನ್ನ ಲೆಕ್ಕ :-) ಮೊದಲನೇ ದಿನ ಬರುವವರಲ್ಲಿ ಒಬ್ಬರು ಗ್ಯಾರಂಟಿ. ಅಕ್ಕ ಬರ್ತೇನೆ ಅಂದಿದ್ದಾಳೆ.